10000ನೇ ಬಾಗಿಲ ಹಿಂದಿನ ಕಥೆ

ಮನೆಯ ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿ ಸರ್ವರ್ ಮಾಡಿಕೊಂಡವರು ಮೊದಲು ಹುಡುಕುವುದೇ ಒಂದು ಪ್ಯಾನಲ್, ಅಂದರೆ ಸರ್ವರ್ ನೋಡಿಕೊಳ್ಳುವ ವೆಬ್ ಪುಟ. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡುತ್ತಾ ಕೂರುವ ಬದಲು ಬ್ರೌಸರ್‌ನಲ್ಲಿ ನಾಲ್ಕು ಕ್ಲಿಕ್ ಮಾಡಿದರೆ ಕೆಲಸ ಮುಗಿಯುತ್ತದೆ ಅಲ್ವಾ? ಹೀಗೆ ಹುಡುಕುವವರಿಗೆ ಬೇಗ ಸಿಗುವ ಹೆಸರು ವೆಬ್‌ಮಿನ್.

ಜೇಮಿ ಕ್ಯಾಮರಾನ್ ಇದನ್ನು ಪರ್ಲ್ ಭಾಷೆಯಲ್ಲಿ ಬರೆದು 1997ರಲ್ಲಿ ಹೊರತಂದರು. ವೆಬ್ ಸರ್ವರ್, ಡಿಎನ್ಎಸ್ (ವೆಬ್ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ), ಮೇಲ್, ಒಂದೊಂದಕ್ಕೂ ಬೇರೆ ಬೇರೆ ಸೆಟ್ಟಿಂಗ್ ಫೈಲ್. ಒಂದೊಂದನ್ನೂ ಬರೆಯುವ ರೀತಿ ಬೇರೆ. ವೆಬ್‌ಮಿನ್ ಆ ಫೈಲ್‌ಗಳನ್ನೇ ಓದಿ, ಅಲ್ಲೇ ತಿದ್ದುತ್ತದೆ. ಹಾಗಾಗಿ ಇವತ್ತು ಪ್ಯಾನಲ್‌ನಲ್ಲಿ ಬದಲಿಸಿದ್ದನ್ನು ನಾಳೆ ಕೈಯಲ್ಲೇ ತಿದ್ದಬಹುದು. ನನಗೆ ಇದರಲ್ಲಿ ತುಂಬಾ ಹಿಡಿಸಿದ ಗುಣ ಇದೇ. ಆದರೆ ಇಷ್ಟೆಲ್ಲ ಮಾಡಲು ಅದಕ್ಕೆ ರೂಟ್ ಅಧಿಕಾರ ಬೇಕು. ಅಂದರೆ ಇಡೀ ಮನೆಯ ಬೀಗದ ಕೈ. ವೆಬ್‌ಮಿನ್ ತೆರೆದುಕೊಳ್ಳುವುದು 10000ನೇ ಪೋರ್ಟ್‌ನಲ್ಲಿ, ಅಂದರೆ ಸರ್ವರ್‌ಗೆ ನೆಟ್‌ವರ್ಕ್‌ನಿಂದ ಬರುವ ಆ ಸಂಖ್ಯೆಯ ಬಾಗಿಲಲ್ಲಿ.

2019ರಲ್ಲಿ, ಇಂಥದ್ದೇ ಪ್ಯಾನಲನ್ನು ದುಡ್ಡಿಗೆ ಕೊಡುವ ಸಿಪ್ಯಾನಲ್ ಕಂಪನಿ ಸರ್ವರ್‌ಗೆ ಇಷ್ಟು ಎನ್ನುವ ದರ ಬಿಟ್ಟು, ಅದರಲ್ಲಿರುವ ಖಾತೆಗಳ ಲೆಕ್ಕದಲ್ಲಿ ದುಡ್ಡು ಕೇಳಲು ಶುರು ಮಾಡಿತು. ಜಾಸ್ತಿ ಖಾತೆ ಇದ್ದವರಿಗೆ ಖರ್ಚು ಏರಿತು. ಉಚಿತ ಪ್ಯಾನಲ್‌ಗಳ ಕಡೆ ಜನ ತಿರುಗಿ ನೋಡತೊಡಗಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ವೆಬ್‌ಮಿನ್‌ನ ಒಳಗೇ ಒಂದು ಕಳ್ಳಬಾಗಿಲು ಇರುವುದು ಬಯಲಾಯಿತು.

ಅದು ಕೋಡ್ ಬರೆದವರ ತಪ್ಪಿನಿಂದ ಆದದ್ದಲ್ಲ. 2018ರ ಏಪ್ರಿಲ್‌ನಲ್ಲಿ ಯಾರೋ ವೆಬ್‌ಮಿನ್ ಪ್ಯಾಕೇಜ್ (ಇನ್‌ಸ್ಟಾಲ್ ಮಾಡುವ ಫೈಲ್) ತಯಾರಾಗುವ ಸರ್ವರ್‌ಗೇ ನುಗ್ಗಿದ್ದರು. ಪಾಸ್‌ವರ್ಡ್ ಬದಲಿಸುವ ಫೈಲ್‌ನಲ್ಲಿ ತಮ್ಮ ಸಾಲು ಸೇರಿಸಿ, ಅನುಮಾನ ಬರಬಾರದೆಂದು ಫೈಲ್‌ನ ತಾರೀಕನ್ನೂ ಹಿಂದಕ್ಕೆ ಹಾಕಿದ್ದರು. ಕೋಡ್ ಎಲ್ಲರಿಗೂ ಕಾಣುವಂತೆ ಇಡುವ ಗಿಟ್‌ಹಬ್ ತಾಣದಲ್ಲಿದ್ದ ಕೋಡ್ ಶುದ್ಧವಾಗಿಯೇ ಇತ್ತು. ಜನ ಡೌನ್‌ಲೋಡ್ ಮಾಡಿಕೊಂಡ ಪ್ಯಾಕೇಜ್ ಮಾತ್ರ ಕೆಟ್ಟಿತ್ತು. 1.890 ಆವೃತ್ತಿಯಂತೂ ಹಾಕಿದ ಕ್ಷಣದಿಂದಲೇ ಅಪಾಯದಲ್ಲಿತ್ತು: ಲಾಗಿನ್ ಆಗದೆಯೇ ಹೊರಗಿನವರು ರೂಟ್ ಆಗಿ ಕಮಾಂಡ್ ಓಡಿಸಬಹುದಿತ್ತು. ಫೈಲ್ ಒಮ್ಮೆ ಸರಿಹೋಯಿತು. ಜುಲೈನಲ್ಲಿ ಕಳ್ಳರು ಮತ್ತೆ ಕೈಯಾಡಿಸಿದರು. ಸೆಪ್ಟೆಂಬರ್‌ನಲ್ಲಿ ವೆಬ್‌ಮಿನ್ ತಂಡದವರು ಆ ಸರ್ವರನ್ನೇ ತೆಗೆದು ಹೊಸದು ತಂದರು. ಆದರೆ ಹಳೇ ಬ್ಯಾಕಪ್‌ನಿಂದ ಕಾಪಿ ಮಾಡಿದಾಗ ಕೆಟ್ಟ ಫೈಲ್ ಕೂಡ ಜೊತೆಗೇ ಬಂತು! ಇದನ್ನು ಓದಿದಾಗೆಲ್ಲ ನನಗೆ ಮೈ ಜುಂ ಎನ್ನುತ್ತದೆ. ಬ್ಯಾಕಪ್ ಇದ್ದರೆ ಸಾಕು ಎಂದು ನಾವೆಲ್ಲ ನಂಬಿದ್ದೇವಲ್ಲ.

1.930 ಆವೃತ್ತಿ ಬಂದು ಆ ಬಾಗಿಲು ಮುಚ್ಚಿತು. ತಂಡ ನಡೆದದ್ದನ್ನೆಲ್ಲ ಬಿಚ್ಚಿ ಹೇಳಿತು. ಕೀಲಿಗಳನ್ನು ಬದಲಿಸಿತು. ಗಿಟ್‌ಹಬ್‌ನಲ್ಲಿರುವ ಕೋಡ್‌ನಿಂದ ಮಾತ್ರ ಪ್ಯಾಕೇಜ್ ಕಟ್ಟುವ ಕ್ರಮ ತಂದಿತು. ಮುಚ್ಚಿಡದೆ ಹೇಳಿದ್ದಕ್ಕೇ ನನಗೆ ಆ ತಂಡದ ಮೇಲೆ ಗೌರವ ಉಳಿದಿದೆ.

ಈಗ ನೀವು ಇದನ್ನು ಹಾಕಿಕೊಳ್ಳುವುದಾದರೆ, ಎಲ್ಲೋ ಸಿಕ್ಕ ಫೈಲ್ ತಂದು ಸುಮ್ನೆ ಓಡಿಸಬೇಡಿ. ವೆಬ್‌ಮಿನ್‌ನವರದೇ ರೆಪೊಸಿಟರಿ (ಪ್ಯಾಕೇಜ್‌ಗಳ ಅಧಿಕೃತ ಭಂಡಾರ) ಸೇರಿಸಿ, ಅದರಿಂದ ಇನ್‌ಸ್ಟಾಲ್ ಮಾಡಿ. ಆಗ ಪ್ಯಾಕೇಜ್‌ನ ಸಹಿಯೂ ಪರೀಕ್ಷೆಯಾಗುತ್ತದೆ, ಮುಂದಿನ ಅಪ್‌ಡೇಟ್ ಉಳಿದವುಗಳ ಜೊತೆಗೇ ಬರುತ್ತದೆ. ಆಮೇಲೆ ಫೈರ್‌ವಾಲ್‌ನಲ್ಲಿ 10000ನೇ ಪೋರ್ಟನ್ನು ಹೊರಜಗತ್ತಿಗೆ ಮುಚ್ಚಿಬಿಡಿ. ಬೇಕಾದಾಗ ಎಸ್ಎಸ್ಎಚ್ ಟನಲ್ (ಸರ್ವರ್‌ಗೆ ಹೋಗುವ ಗೂಢಲಿಪಿಯ ಸುರಂಗದಾರಿ) ಮೂಲಕ ಒಳಗೆ ಹೋಗಿ. ಒಂದೇ ಒಂದು ಕಮಾಂಡ್ ಜಾಸ್ತಿ ಟೈಪ್ ಮಾಡಬೇಕಾಗುತ್ತದೆ, ಅಷ್ಟೇ.