ಐದು ಗ್ರಾಂ ಗರಿಗೆ ಬರೆದ ಕಾನೂನು

ಕಳೆದ ಬೇಸಿಗೆಯಲ್ಲಿ ಮಂಗಳೂರಿನಿಂದ ಬಂದ ಭಾವ, ಅಲ್ಲಿ ತಾವು ದಿನಾ ಆಡುವ ಬ್ಯಾಡ್ಮಿಂಟನ್ನಿನ ಗರಿ ಕಾಕ್‌ಗಳ ಒಂದು ಡಬ್ಬಿಯನ್ನೂ ತಂದಿದ್ದರು. ಬೆಂಗಳೂರಿನ ನಮ್ಮ ಕೋರ್ಟಿನಲ್ಲಿ ಅವರು ಹಿಂದಿನ ಗೆರೆಗೆಂದು ಎತ್ತಿ ಹೊಡೆದದ್ದೆಲ್ಲ ಒಂದಡಿ ಆಚೆ ಬಿತ್ತು. "ನಿಮ್ಮ ಕೋರ್ಟೇ ಗಿಡ್ಡ ಉಂಟು ಮಾರಾಯ" ಎಂದು ರೇಗಿದರು. ಟೇಪ್ ಹಿಡಿದು ಅಳೆದೆವು. 13.40 ಮೀಟರ್, ಸರಿಯಾಗೇ ಇತ್ತು. ಕಮ್ಮಿ ಇದ್ದದ್ದು ಗಾಳಿ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತಿರ ಹತ್ತಿರ ಶೇ 10ರಷ್ಟು ಕಡಿಮೆ. ಕ್ರಿಕೆಟ್ ಚೆಂಡಿಗೆ ಇದು ಅಷ್ಟಾಗಿ ತಟ್ಟದು, ಕಾಕ್ ಅಂದರೆ ಶಟಲ್‌ಗೆ ತಟ್ಟುತ್ತದೆ. ಬಿರಡೆಗೆ ಚುಚ್ಚಿದ 16 ಗರಿ, ಒಟ್ಟು ತೂಕ 4.74ರಿಂದ 5.50 ಗ್ರಾಂ. ಎಷ್ಟೇ ಮೇಲಿಂದ ಬಿಟ್ಟರೂ ಅದು ಗಂಟೆಗೆ ಸುಮಾರು 24 ಕಿ.ಮೀ. ಮುಟ್ಟಿದ ಮೇಲೆ ಇನ್ನಷ್ಟು ಜೋರಾಗುವುದಿಲ್ಲ. ಆ ವೇಗದಲ್ಲಿ ಗಾಳಿಯ ತಡೆ ಅದರ ತೂಕಕ್ಕೆ ಸಮ. ವೇಗ ಹತ್ತು ಪಟ್ಟಾದರೆ ತಡೆ ನೂರು ಪಟ್ಟು. ಅಂದರೆ 240 ಕಿ.ಮೀ. ವೇಗದ ಸ್ಮ್ಯಾಶನ್ನು (ಮೇಲಿಂದ ಕೆಳಕ್ಕೆ ಬಾರಿಸುವ ಹೊಡೆತ) ಅದರ ತೂಕದ ನೂರರಷ್ಟು ಬಲ ಹಿಂದಕ್ಕೆ ಜಗ್ಗುತ್ತಿರುತ್ತದೆ. 2023ರಲ್ಲಿ ಭಾರತದ ಆಟಗಾರ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ದಾಖಲೆ ಬರೆದ 565 ಕಿ.ಮೀ. ರ‍್ಯಾಕೆಟ್ ಬಿಟ್ಟ ಕ್ಷಣದ ಲೆಕ್ಕ. ಎದುರಾಳಿಯ ಹತ್ತಿರ ಬರುವಷ್ಟರಲ್ಲಿ ಅದರ ಬಹುಪಾಲು ಕರಗಿಹೋಗಿರುತ್ತದೆ. ಎತ್ತಿ ಹೊಡೆದ ಶಟಲ್ ಕೊನೆಯಲ್ಲಿ ಬಾವಿಗೆ ಬಿಟ್ಟ ಕೊಡದಂತೆ ನೆಟ್ಟಗೆ ಇಳಿಯುವುದೂ ಇದರಿಂದಲೇ.

ಹಾಗಾಗಿ ನಿಯಮ ಪುಸ್ತಕದಲ್ಲಿ ಆಟಗಾರನಿಗಿಂತ ಮೊದಲು ಕಾಕ್‌ಗೇ ಪರೀಕ್ಷೆ. ಹಿಂದಿನ ಗೆರೆಯ ಮೇಲಿಂದ, ಕೈ ಕೆಳಗಿನಿಂದ ಬೀಸಿ, ಪೂರ್ತಿ ಬಲದಿಂದ ಮೇಲ್ಮುಖವಾಗಿ ಹೊಡೆಯಬೇಕು. ಅದು ಎದುರಿನ ಹಿಂದಿನ ಗೆರೆಗಿಂತ 53ರಿಂದ 99 ಸೆಂ.ಮೀ. ಒಳಗೆ ಬಿದ್ದರೆ ಪಾಸು. ಆಟದ ನಡುವೆ ಗರಿ ಮಡಚಿ ವೇಗ ಬದಲಿಸುವುದು ತಪ್ಪು. ನಮ್ಮ ಕೋರ್ಟಿನಲ್ಲಿ ಎಲ್ಲರೂ ಮಾಡುತ್ತಾರೆ, ಅದು ಬೇರೆ ಮಾತು.

ಸರ್ವಿಸ್ ನಿಯಮ ನೋಡಿ. ಟೆನಿಸ್‌ನಲ್ಲಿ ಸರ್ವ್ ಮಾಡುವವನ ಕೈಗೆ ಕತ್ತಿ ಕೊಟ್ಟಿದ್ದಾರೆ, ಇಲ್ಲಿ ಕೈ ಕಟ್ಟಿದ್ದಾರೆ. ಹೊಡೆಯುವ ಕ್ಷಣದಲ್ಲಿ ಇಡೀ ಶಟಲ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು. ನೆಟ್ಟಿನ ಎತ್ತರ ನಡುವೆ 1.524 ಮೀಟರ್. ಅಂದಮೇಲೆ ಅದು ಕನಿಷ್ಠ 37 ಸೆಂ.ಮೀ. ಮೇಲೇರಲೇಬೇಕು, ಮೇಲೇರಿದ್ದು ನಿಧಾನವಾಗಲೇಬೇಕು. ಮುಂಚೆ "ಕೊನೆಯ ಪಕ್ಕೆಲುಬಿಗಿಂತ ಕೆಳಗೆ" ಎಂದಿತ್ತು. ಬನಿಯನ್ನಿನೊಳಗಿನ ಪಕ್ಕೆಲುಬು ಸರ್ವಿಸ್ ಜಡ್ಜ್‌ಗೆ ಕಾಣುವುದು ಹೇಗೆ? 2018ರಿಂದ ಅಳತೆಯ ಎತ್ತರ ಬಂತು, ಉದ್ದದ ಆಟಗಾರರು ಮಂಡಿ ಬಗ್ಗಿಸಬೇಕಾಯಿತು.

ತಮ್ಮ ಅಂಕ ಸಮಸಂಖ್ಯೆಯಾಗಿದ್ದರೆ ಬಲ ಅಂಕಣದಿಂದ, ಬೆಸವಾಗಿದ್ದರೆ ಎಡದಿಂದ, ಎದುರಿನ ಓರೆ ಅಂಕಣಕ್ಕೆ ಸರ್ವ್. ಗೆರೆ ಮುಟ್ಟಿದರೆ ಒಳಗೇ. 21ಕ್ಕೆ ಗೇಮ್, 20-20 ಆದರೆ ಎರಡರ ಅಂತರ ಬೇಕು, 29-29 ಆದರೆ ಮುಂದಿನ ಒಂದೇ ಅಂಕ ಸಾಕು. 2006ಕ್ಕೆ ಮುಂಚೆ ಸರ್ವ್ ಮಾಡಿದವರಿಗಷ್ಟೇ ಅಂಕ ಸಿಗುತ್ತಿತ್ತು. ಕೈ ಕಟ್ಟಿಸಿಕೊಂಡವರಷ್ಟೇ ಗಳಿಸಬಹುದಾದ ಆ ಲೆಕ್ಕ ನನಗೆ ಇಂದಿಗೂ ಇಷ್ಟ, ಆದರೆ ಪಂದ್ಯ ಎಳೆದೆಳೆದು ಹೋಗುತ್ತಿದ್ದದ್ದೂ ನಿಜ.

ಗರಿಗಳು ಒಂದೇ ಕಡೆಗೆ ಒಂದರ ಮೇಲೊಂದು ಹೊದ್ದುಕೊಂಡಿರುವುದರಿಂದ ಶಟಲ್ ಹಾರುವಾಗ ತಾನಾಗಿ ಗಿರಗಿರ ತಿರುಗುತ್ತದೆ. ಇದರ ಜೊತೆಗೆ ಕೆಲವರು ಬೆರಳಲ್ಲೇ ತಿರುಗಿಸಿ ಬಿಟ್ಟು ಸರ್ವ್ ಮಾಡತೊಡಗಿದರು. ಅದು ಎಲ್ಲಿ ಹೇಗೆ ಓಲಾಡುತ್ತದೋ ಎಂದು ಎದುರಿನವರು ತಡವರಿಸಿದರು. 2023ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಸಂಸ್ಥೆ ಅದನ್ನು ನಿಷೇಧಿಸಿತು.

ಇಂಥ ವಸ್ತುವಿಗೆ ಬಯಲಿನ ಗಾಳಿ ಆಗದು. ಪ್ರಕಾಶ್ ಪಡುಕೋಣೆ ಆಡಿ ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲ್‌ನಲ್ಲಿ. ಮುಚ್ಚಿದ ಹಾಲ್‌ನಲ್ಲೂ ಫ್ಯಾನು, ಎ.ಸಿ.ಯ ಗಾಳಿ ಒಂದು ಬದಿಗೆ ತಳ್ಳುತ್ತದೆ. ಮೂರನೇ ಗೇಮಿನಲ್ಲಿ 11 ಅಂಕಕ್ಕೆ ಬದಿ ಬದಲಿಸುವುದರಿಂದ ಆ ಕಷ್ಟ ಇಬ್ಬರಿಗೂ ಹಂಚಿಹೋಗುತ್ತದೆ.

ಭಾವ ತಂದ ಡಬ್ಬಿಯ ಮೇಲೆ 77 ಎಂದಿತ್ತು. ಅದು ವೇಗದ ನಂಬರು, ಚಿಕ್ಕದಾದಷ್ಟೂ ನಿಧಾನ. ಮಾರನೇ ದಿನ 75ರ ಡಬ್ಬಿ ಕೊಂಡೆವು, ಹೊಡೆತ ಗೆರೆಯೊಳಗೇ ಇಳಿಯಿತು. ಆ 75ರಲ್ಲಿ ಮಿಕ್ಕ ನಾಲ್ಕು ಕಾಕ್‌ಗಳನ್ನು ಅವರು ಊರಿಗೆ ಒಯ್ದರು. ಅಲ್ಲಿ ಅವು ಹಿಂದಿನ ಗೆರೆಯ ಹತ್ತಿರಕ್ಕೂ ಹೋಗುತ್ತಿಲ್ಲವಂತೆ.