ಮರಿಯಾನ್ ಯಾರು? ಫ್ರಾನ್ಸಿನ ಕೆಂಪು ಟೊಪ್ಪಿಗೆಯ ಹೆಣ್ಣು ಮತ್ತು ಆಕೆಯ ಚರಿತ್ರೆ

ಓದುಗರ ಪ್ರಶ್ನೆ: 2024ರ ಪ್ಯಾರಿಸ್ ಒಲಿಂಪಿಕ್ಸ್ ಲಾಂಛನದಲ್ಲಿ ಮರಿಯಾನ್ ಎಂಬ ಹೆಣ್ಣಿನ ಮುಖವಿತ್ತು ಎಂದು ಓದಿದೆ. ಆಕೆ ನಿಜವಾಗಿ ಬದುಕಿದ್ದವಳೇ? ಕಲ್ಪಿತ ಪಾತ್ರವೇ ಆಗಿದ್ದರೆ, ಅಂಥದೊಂದು ಪಾತ್ರ ಒಂದು ದೇಶದ ಚರಿತ್ರೆಯನ್ನೂ ಜನರ ಸ್ವಭಾವವನ್ನೂ ಎಷ್ಟರ ಮಟ್ಟಿಗೆ ಹೇಳಬಲ್ಲದು?

ಉತ್ತರ: ಮರಿಯಾನ್ ಬದುಕಿದ್ದ ಹೆಣ್ಣಲ್ಲ, ಫ್ರಾನ್ಸಿನ ಗಣರಾಜ್ಯಕ್ಕೆ ಕೊಟ್ಟ ಹೆಣ್ಣುರೂಪ. ಅಮೆರಿಕವನ್ನು ಪ್ರತಿನಿಧಿಸುವ ಅಂಕಲ್ ಸ್ಯಾಮ್ ಎಂಬ ಪಾತ್ರದ ಹಿಂದೆ, 1812ರ ಯುದ್ಧಕಾಲದಲ್ಲಿ ಸೈನ್ಯಕ್ಕೆ ಮಾಂಸ ಒದಗಿಸುತ್ತಿದ್ದ ಸ್ಯಾಮ್ಯುಯೆಲ್ ವಿಲ್ಸನ್ ಎಂಬ ವರ್ತಕನಿದ್ದನೆಂಬ ಪ್ರತೀತಿಯಿದೆ. ಇಂಗ್ಲೆಂಡಿನ ಅಂಥದೇ ಪಾತ್ರವಾದ ಜಾನ್ ಬುಲ್‌ನನ್ನು 1712ರಲ್ಲಿ ಜಾನ್ ಆರ್ಬತ್‌ನಾಟ್ ಎಂಬ ವೈದ್ಯ ತನ್ನ ವಿಡಂಬನೆಗಳಲ್ಲಿ ಬಟ್ಟೆ ವ್ಯಾಪಾರಿಯಾಗಿ ಚಿತ್ರಿಸಿದ. ಮರಿಯಾನ್‌ಗೆ ಹೀಗೆ ಬೆರಳಿಟ್ಟು ತೋರಿಸಬಹುದಾದ ಮೂಲಪುರುಷನಾಗಲಿ ಮೂಲಸ್ತ್ರೀಯಾಗಲಿ ಇಲ್ಲ. ಆಕೆ ಹುಟ್ಟಿದ್ದು ಸರ್ಕಾರಿ ಮೊಹರೊಂದರ ಮೇಲೆ. ಪ್ರಶ್ನೆಯ ಎರಡನೆಯ ಭಾಗಕ್ಕೆ ನನ್ನ ಉತ್ತರ ಸ್ವಲ್ಪ ಬೇರೆ ದಿಕ್ಕಿನದು. ಫ್ರೆಂಚರ ಸ್ವಭಾವವನ್ನು ಆಕೆಯಲ್ಲಿ ಹುಡುಕುವವರಿಗೆ ಹೆಚ್ಚೇನೂ ಸಿಗಲಾರದು. ಆದರೆ ಫ್ರಾನ್ಸ್ ಯಾರದು ಎಂಬ ವಿಷಯದಲ್ಲಿ ಫ್ರೆಂಚರು ತಮ್ಮತಮ್ಮಲ್ಲೇ ಇನ್ನೂರು ವರ್ಷಗಳಿಂದ ಆಡುತ್ತ ಬಂದಿರುವ ಜಗಳವನ್ನು ತಿಳಿಯಬೇಕೆಂದರೆ, ಆಕೆಯ ತಲೆಯ ಮೇಲೆ ಯಾವ ಕಾಲದಲ್ಲಿ ಏನಿತ್ತು, ಯಾರು ಅದನ್ನು ತೆಗೆಸಿದರು ಎಂಬುದನ್ನು ನೋಡಿದರೆ ಸಾಕು.

1792ರ ಸೆಪ್ಟೆಂಬರ್ 21ರಂದು ಫ್ರಾನ್ಸಿನ ರಾಷ್ಟ್ರೀಯ ಸಮಾವೇಶವೆಂಬ ಜನಪ್ರತಿನಿಧಿ ಸಭೆಯು ಅರಸೊತ್ತಿಗೆಯನ್ನು ರದ್ದುಪಡಿಸಿತು. ಆ ನಿರ್ಣಯದ ಬೆನ್ನಿಗೇ ಆಡಳಿತದ ತೊಡಕೊಂದು ಎದುರಾಯಿತು: ಕಾಗದಪತ್ರಗಳಿಗೆ ಒತ್ತುವ ಮೊಹರಿನಲ್ಲಿ ಅಲ್ಲಿಯವರೆಗೆ ಇದ್ದದ್ದು ರಾಜನ ಆಕೃತಿ, ರಾಜನೇ ಇಲ್ಲವೆಂದ ಮೇಲೆ ಅಲ್ಲಿ ಯಾರನ್ನು ಕೂರಿಸುವುದು? ಯಾವ ನಾಯಕನ ಮುಖವನ್ನು ಹಾಕಿದರೂ ಆತ ನಾಳೆ ಮತ್ತೊಬ್ಬ ರಾಜನಾಗುವ ಭಯವಿತ್ತು. ಕೆಲವೇ ದಿನಗಳಲ್ಲಿ ಅವರು ಆರಿಸಿಕೊಂಡದ್ದು ಪ್ರಾಚೀನ ರೋಮಿನ ಉಡುಪು ತೊಟ್ಟು ನಿಂತ, ಹೆಸರಿಲ್ಲದ ಹೆಣ್ಣೊಬ್ಬಳನ್ನು. ಆಕೆಯ ಒಂದು ಕೈಯಲ್ಲಿ ಭರ್ಜಿ, ಭರ್ಜಿಯ ತುದಿಯಲ್ಲಿ ಒಂದು ಟೊಪ್ಪಿಗೆ. ಸ್ವಾತಂತ್ರ್ಯ, ನ್ಯಾಯ ಮೊದಲಾದ ಅಮೂರ್ತ ಗುಣಗಳನ್ನು ಹೆಣ್ಣಿನ ರೂಪದಲ್ಲಿ ಚಿತ್ರಿಸುವ ವಾಡಿಕೆ ಯುರೋಪಿನ ಕಲೆಯಲ್ಲಿ ಮೊದಲಿನಿಂದಲೂ ಇದ್ದುದರಿಂದ ಈ ಆಯ್ಕೆ ಆಗ ಯಾರಿಗೂ ವಿಚಿತ್ರವೆನಿಸಲಿಲ್ಲ.

ಆ ಟೊಪ್ಪಿಗೆಯ ಬಗ್ಗೆ ನಿಂತು ಹೇಳಬೇಕು. ತುದಿ ಮುಂದಕ್ಕೆ ಬಾಗಿದ, ನಮ್ಮ ಕೂಸುಗಳ ಕುಲಾವಿಯನ್ನು ಹೋಲುವ ಈ ಕೆಂಪು ಟೊಪ್ಪಿಗೆಗೆ ಏಷ್ಯಾ ಮೈನರಿನ (ಇಂದಿನ ಟರ್ಕಿಯ) ಫ್ರಿಜಿಯಾ ಪ್ರಾಂತ್ಯದ ಹೆಸರಿದೆ. ಪ್ರಾಚೀನ ರೋಮಿನಲ್ಲಿ ಬಿಡುಗಡೆ ಪಡೆದ ಗುಲಾಮರು ಧರಿಸುತ್ತಿದ್ದ ಟೊಪ್ಪಿಗೆ ಬೇರೆಯದೇ ಆಗಿದ್ದರೂ, ಕಾಲಾಂತರದಲ್ಲಿ ಎರಡೂ ಒಂದರೊಳಗೊಂದು ಕಲೆತುಹೋಗಿ, ಕ್ರಾಂತಿಯ ಹೊತ್ತಿಗೆ ಫ್ರಿಜಿಯನ್ ಟೊಪ್ಪಿಗೆಯೆಂದರೆ ದಾಸ್ಯದಿಂದ ಬಿಡುಗಡೆ ಎಂಬ ಅರ್ಥ ನೆಲೆಗೊಂಡಿತ್ತು. ಪ್ಯಾರಿಸಿನ ಬೀದಿಗಿಳಿದ ಬಡ ಕ್ರಾಂತಿಕಾರಿಗಳು ಅದನ್ನೇ ತೊಟ್ಟರು. ಮುಂದೆ ಸಿರಿವಂತರಿಗೂ ಮಿತವಾದಿಗಳಿಗೂ ಅದನ್ನು ಕಂಡರೆ ತಲೆ ಕಡಿಯುವ ಗಿಲೊಟಿನ್ ಯಂತ್ರ ನೆನಪಾಗುತ್ತಿದ್ದುದು ಇದೇ ಕಾರಣಕ್ಕೆ. 2024ರ ಒಲಿಂಪಿಕ್ಸ್‌ನ ಮುದ್ದು ಗೊಂಬೆ ಇದೇ ಟೊಪ್ಪಿಗೆಯ ರೂಪದ್ದಾಗಿತ್ತು. ಅದರ ಪೂರ್ವಾಪರ ಬಲ್ಲವರಿಗೆ ಆ ನಗುಮುಖ ಒಂದಿಷ್ಟು ವಿಚಿತ್ರವಾಗಿಯೇ ಕಂಡಿರಬೇಕು.

ಮೊಹರಿಗೇರಿದ ಹೆಣ್ಣು ಒಂದು ವರ್ಷ ಕಳೆದ ಕೆಲವೇ ವಾರಗಳಲ್ಲಿ ಪ್ರತಿಸ್ಪರ್ಧಿಯನ್ನು ಎದುರಿಸಬೇಕಾಯಿತು. 1793ರ ನವೆಂಬರಿನಲ್ಲಿ ಚಿತ್ರಕಾರ ಜಾಕ್ ಲೂಯಿ ಡೇವಿಡ್, ಜನಶಕ್ತಿಯ ಸಂಕೇತವಾಗಿ ಗ್ರೀಕ್ ಪುರಾಣದ ದೈತ್ಯಾಕಾರದ ವೀರ ಹರ್ಕ್ಯುಲಿಸ್‌ನ ಪ್ರತಿಮೆಯಾಗಬೇಕೆಂದು ಸೂಚಿಸಿದ. ಅದೇ ಹೊತ್ತಿನಲ್ಲಿ ನಡೆದ ಬೇರೆ ಎರಡು ಸಂಗತಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು: ಅಕ್ಟೋಬರ್ 30ರಂದು ಮಹಿಳೆಯರ ರಾಜಕೀಯ ಕೂಟಗಳನ್ನು ನಿಷೇಧಿಸಲಾಯಿತು, ನವೆಂಬರ್ 3ರಂದು, ಸ್ತ್ರೀಯರಿಗೂ ಸಮಾನ ಹಕ್ಕು ಬೇಕೆಂದು ಬರೆದಿದ್ದ ಒಲಾಂಪ್ ದ ಗೂಜ್ ಗಿಲೊಟಿನ್‌ಗೆ ಬಲಿಯಾದಳು. ಹೆಣ್ಣು ಗಣರಾಜ್ಯದ ಮುಖವಾಗಬಹುದಿತ್ತು, ಆದರೆ ಅದರ ನಾಗರಿಕಳಾಗಿ ಬಾಯಿ ತೆರೆಯುವಂತಿರಲಿಲ್ಲ. ಫ್ರಾನ್ಸಿನ ಹೆಂಗಸರಿಗೆ ಮತದಾನದ ಹಕ್ಕು ದೊರೆತದ್ದು 1944ರಲ್ಲಿ, ಅವರು ಮೊದಲು ಮತ ಹಾಕಿದ್ದು 1945ರ ಏಪ್ರಿಲ್‌ನಲ್ಲಿ. ಆ ಒಂದೂವರೆ ಶತಮಾನದಲ್ಲಿ ಗಣರಾಜ್ಯವಿದ್ದಾಗಲೆಲ್ಲ ಮೊಹರುಗಳಲ್ಲೂ ನಾಣ್ಯಗಳಲ್ಲೂ ಮೆರೆದ ಈ ಹೆಣ್ಣು, ತನ್ನಂಥ ಹೆಂಗಸರ ಸ್ಥಿತಿಗತಿಯ ಬಗ್ಗೆ ಮಾತ್ರ ಸುಳ್ಳನ್ನೇ ಹೇಳುತ್ತಿದ್ದಳು ಎನ್ನದೆ ವಿಧಿಯಿಲ್ಲ.

ಮರಿಯಾನ್ ಎಂಬ ಹೆಸರು ಸರ್ಕಾರ ಇಟ್ಟದ್ದಲ್ಲ. ಮರಿ, ಆನ್ ಎರಡೂ ರೈತರ, ಕೆಲಸದಾಳುಗಳ ಮನೆಗಳಲ್ಲಿ ಬಳಕೆಯಲ್ಲಿದ್ದ ಹೆಸರುಗಳು. 1792ರಲ್ಲೇ ದಕ್ಷಿಣ ಫ್ರಾನ್ಸಿನ ಪ್ರಾದೇಶಿಕ ನುಡಿಯ ಹಾಡೊಂದು ಗಣರಾಜ್ಯವನ್ನು ಆ ಹೆಸರಿನಿಂದ ಕರೆದಿತ್ತು. ವಿರೋಧಿಗಳು ಹೀಯಾಳಿಸಲು ಬಳಸಿದ ಅದೇ ಹೆಸರನ್ನು ಬೆಂಬಲಿಗರು ಅಕ್ಕರೆಯಿಂದ ಬಳಸಿದರು.

ಹತ್ತೊಂಬತ್ತನೆಯ ಶತಮಾನದ ಕಥೆಯನ್ನು ಅಂಚೆಚೀಟಿಗಳಷ್ಟು ಅಡಕವಾಗಿ ಬೇರೆ ಯಾವುದೂ ಹೇಳುವುದಿಲ್ಲ. ಮೊದಲ ಗಣರಾಜ್ಯ ಅಷ್ಟರಲ್ಲಿ ಬಿದ್ದುಹೋಗಿ ಅರಸರ ಆಳ್ವಿಕೆ ಮರಳಿತ್ತು; 1848ರ ಕ್ರಾಂತಿಯಿಂದ ಎರಡನೆಯ ಗಣರಾಜ್ಯ ಬಂದಿತು. 1849ರ ಜನವರಿ 1ರಂದು ಹೊರಬಂದ ಫ್ರಾನ್ಸಿನ ಮೊಟ್ಟಮೊದಲ ಅಂಚೆಚೀಟಿಯಲ್ಲಿ ಹೆಣ್ಣಿನ ಮುಖವೇನೋ ಇತ್ತು, ಆದರೆ ಅದು ಬೆಳೆಯ ದೇವತೆಯಾದ ಸೀರಿಸ್‌ಳದು. ಕೆಂಪು ಟೊಪ್ಪಿಗೆಯ ಬದಲು ಆಕೆಯ ಮುಡಿಯಲ್ಲಿ ಗೋಧಿಯ ತೆನೆ ಸೇರಿತ್ತು, ಏಕೆಂದರೆ ಅಧಿಕಾರದಲ್ಲಿದ್ದ ಮಿತವಾದಿಗಳಿಗೆ ಬೇಕಾಗಿದ್ದುದು ಬೀದಿಯಲ್ಲಿ ದಂಗೆಯೇಳುವ ಗಣರಾಜ್ಯವಲ್ಲ, ಹೊಲದಲ್ಲಿ ಬೆಳೆ ತೆಗೆಯುವ ಶಾಂತ ಗಣರಾಜ್ಯ. 1852ರಲ್ಲಿ ಆಕೆ ಮರೆಯಾಗಿ ಅಧ್ಯಕ್ಷ ಲೂಯಿ ನೆಪೋಲಿಯನ್‌ನ ಮುಖ ಬಂದಿತು; ಆತ ಅಷ್ಟರಲ್ಲೇ ಚಕ್ರವರ್ತಿಯಾಗಿ, ಮರುವರ್ಷದ ಚೀಟಿಗಳಲ್ಲಿ ಗಣರಾಜ್ಯದ ಜಾಗದಲ್ಲಿ ಸಾಮ್ರಾಜ್ಯವೆಂದು ಅಚ್ಚಾಯಿತು. 1870ರಲ್ಲಿ ಪ್ರಷ್ಯದ ಎದುರು ಆತ ಸೋತು ಸೆರೆಯಾದಾಗ, ಮುತ್ತಿಗೆಗೆ ಸಿಕ್ಕಿದ್ದ ಪ್ಯಾರಿಸಿನಲ್ಲಿ ಮತ್ತೆ ಸೀರಿಸ್ ಚೀಟಿಯನ್ನೇ ಮುದ್ರಿಸಿದರು.

ಟೊಪ್ಪಿಗೆಗೆ ಮರ್ಯಾದೆ ಮರಳಿ ಬಂದದ್ದು ನಿಧಾನವಾಗಿ. ದುಡಿಯುವ ಜನ ಪ್ಯಾರಿಸಿನ ಆಡಳಿತವನ್ನು ಕೈಗೆತ್ತಿಕೊಂಡ 1871ರ ಕಮ್ಯೂನ್ ದಂಗೆಯ ನೆನಪು ಹಸಿಯಾಗಿದ್ದಷ್ಟು ಕಾಲ ಸಂಪ್ರದಾಯಸ್ಥ ಸರ್ಕಾರಗಳು ಅದನ್ನು ಅನುಮಾನದಿಂದಲೇ ಕಂಡವು. ಗಣರಾಜ್ಯವಾದಿಗಳ ಕೈ ಮೇಲಾದ ನಂತರ, 1883ರಲ್ಲಿ ಪ್ಯಾರಿಸಿನ ರಿಪಬ್ಲಿಕ್ ಚೌಕದಲ್ಲಿ ಟೊಪ್ಪಿಗೆ ತೊಟ್ಟ ಭಾರಿ ಪ್ರತಿಮೆ ಎದ್ದು ನಿಂತಿತು. ಆದರೆ ಆಕೆಯ ಕೈಗೆ ಬಂದದ್ದು ಭರ್ಜಿಯಲ್ಲ, ಶಾಂತಿಯನ್ನು ಸೂಚಿಸುವ ಆಲಿವ್ ಕೊಂಬೆ. ಊರೂರಿನ ಪುರಸಭೆಗಳಲ್ಲಿ ಆಕೆಯ ಪ್ರತಿಮೆ ಇಡುವ ರೂಢಿ ಬೆಳೆಯಿತು. ಹಾಗೆ ಇಡಲೇಬೇಕೆಂದು ಕಾನೂನು ಆಗಲೂ ಇರಲಿಲ್ಲ, ಈಗಲೂ ಇಲ್ಲ. 1940ರಲ್ಲಿ ಜರ್ಮನಿಗೆ ಶರಣಾದ ವಿಶಿ ಸರ್ಕಾರ ಅಧಿಕಾರಕ್ಕೆ ಬಂದಾಗ ಅನೇಕ ಕಡೆ ಆ ಪ್ರತಿಮೆಗಳು ಮೂಲೆಗೆ ಸೇರಿ, ಆ ಸರ್ಕಾರದ ಮುಖ್ಯಸ್ಥ ಮಾರ್ಷಲ್ ಪೇತಾನ್‌ನ ಭಾವಚಿತ್ರ ಅವುಗಳ ಜಾಗ ಹಿಡಿಯಿತು. 1792ರಲ್ಲಿ ಹೊರಗಟ್ಟಿದ್ದ ಪದ್ಧತಿ, ಅಂದರೆ ಆಳುವವನ ಮುಖವೇ ದೇಶದ ಮುಖವೆನ್ನುವುದು, ಹೀಗೆ ಹಿಂದಿರುಗಿ, 1944ರ ವಿಮೋಚನೆಯೊಂದಿಗೆ ಕೊನೆಗೊಂಡಿತು.

ಆಮೇಲಿನ ಕಾಲದಲ್ಲಿ ನಟಿ ಬ್ರಿಜಿತ್ ಬಾರ್ದೋ, ಕ್ಯಾಥರೀನ್ ದನವ್ ಮುಂತಾದವರ ಮುಖಗಳು ಮರಿಯಾನ್ ಪ್ರತಿಮೆಗಳಿಗೆ ಮಾದರಿಯಾದವು. ಜಗಳ ಮುಗಿದು ಆಕೆ ಬರೀ ಅಲಂಕಾರವಾದಳೆಂದು ಅನ್ನಿಸುವಷ್ಟು. ಹಾಗಾಗಿಲ್ಲವೆಂಬುದು 2016ರಲ್ಲಿ ತಿಳಿಯಿತು. ಮುಸ್ಲಿಂ ಹೆಂಗಸರ ಮೈಪೂರ್ತಿ ಮುಚ್ಚುವ ಈಜುಡುಗೆಯ ವಿವಾದ ಕಾವೇರಿದ್ದಾಗ ಪ್ರಧಾನಿ ಮಾನುಯೆಲ್ ವಾಲ್ಸ್, ಮರಿಯಾನ್‌ಳ ಎದೆ ತೆರೆದಿರುವುದು ಆಕೆ ಜನರಿಗೆ ಹಾಲೂಡುವವಳಾದ್ದರಿಂದ, ತಲೆಗೆ ಮುಸುಕಿಲ್ಲದಿರುವುದು ಆಕೆ ಸ್ವತಂತ್ರಳಾದ್ದರಿಂದ ಎಂಬ ಅರ್ಥದ ಮಾತನ್ನಾಡಿದರು. ಇತಿಹಾಸಕಾರರು ಕೂಡಲೇ ಆಕ್ಷೇಪಿಸಿದರು: ತೆರೆದೆದೆ ಪ್ರಾಚೀನ ಶಿಲ್ಪದ ರೂಢಿಯಿಂದ ಬಂದದ್ದು, ಎಷ್ಟೋ ಪ್ರತಿಮೆಗಳಲ್ಲಿ ಆಕೆ ಮೈತುಂಬ ಬಟ್ಟೆ ಉಟ್ಟಿದ್ದಾಳೆ, ಮೇಲಾಗಿ ತಲೆಯ ಮೇಲೆ ಟೊಪ್ಪಿಗೆಯಂತೂ ಇದ್ದೇ ಇದೆ. ಚರಿತ್ರೆಯ ದೃಷ್ಟಿಯಿಂದ ಅವರ ಮಾತೇ ಸರಿ. ಆದರೆ ಪ್ರಧಾನಿ ಮಾಡಿದ್ದು ಹೊಸತೇನಲ್ಲ. ಪ್ರತಿಯೊಂದು ಪಕ್ಷವೂ ತನಗೆ ಬೇಕಾದ ನಾಗರಿಕಳನ್ನು ಆ ಆಕೃತಿಗೆ ತೊಡಿಸುತ್ತಲೇ ಬಂದಿದೆ.

ಭಾರತಮಾತೆಯೂ ಇದೇ ಬಗೆಯವಳೇ ಎಂದು ಓದುಗರು ಮುಂದುವರಿದು ಕೇಳಬಹುದು. ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಮರಿಯಾನ್ ಒಂದು ಆಡಳಿತ ಪದ್ಧತಿಯ ಮುಖ. ಗಣರಾಜ್ಯ ಬಿದ್ದಾಗಲೆಲ್ಲ ಆಕೆಯೂ ಬಿದ್ದಳು. ಬಂಗಾಳದ ವಿಭಜನೆಯಾದ 1905ರಲ್ಲಿ ಅವನೀಂದ್ರನಾಥ ಠಾಕೂರರು ಬರೆದ ಕಾವಿಯುಟ್ಟ ಭಾರತಮಾತೆಯ ಹಿಂದೆ ಆಳುವ ಸರ್ಕಾರವೇ ಇರಲಿಲ್ಲ, ಇದ್ದದ್ದು ಪರರ ವಶದಲ್ಲಿದ್ದ ನೆಲ; ಆಕೆಯ ನಾಲ್ಕು ಕೈಗಳಲ್ಲಿ ಪುಸ್ತಕ, ಭತ್ತದ ತೆನೆ, ಬಿಳಿಯ ವಸ್ತ್ರ ಮತ್ತು ಜಪಮಾಲೆಯಿವೆ, ಆಯುಧವಿಲ್ಲ. ನೆಲವನ್ನೇ ತಾಯಿಯೆಂದು ಬಗೆದುದರಿಂದ ಇಲ್ಲಿ ಬಾಂಧವ್ಯದ ಇನ್ನೊಂದು ಎಳೆಯೂ ಸಾಧ್ಯವಾಯಿತು: 2004ರಲ್ಲಿ ನಾಡಗೀತೆಯಾದ ಕುವೆಂಪು ಕವಿತೆಯಲ್ಲಿ ಕರ್ನಾಟಕವು ನಮಗೆ ತಾಯಿ, ಭಾರತ ಜನನಿಗೆ ಮಗಳು. ತಾಯಿಯನ್ನು ದೇವಿಯ ರೂಪದಲ್ಲಿ ಕಾಣಬೇಕೇ ಎಂಬ ತಕರಾರು ಮಾತ್ರ ಇಲ್ಲಿಯೂ ತಪ್ಪಲಿಲ್ಲ. ಶಿವಪ್ರಸಾದ ಗುಪ್ತರು ವಾರಾಣಸಿಯಲ್ಲಿ ಕಟ್ಟಿಸಿದ, 1936ರಲ್ಲಿ ಗಾಂಧೀಜಿ ಉದ್ಘಾಟಿಸಿದ ಭಾರತಮಾತಾ ಮಂದಿರದ ಗರ್ಭಗುಡಿಯಲ್ಲಿ ವಿಗ್ರಹವೇ ಇಲ್ಲ. ಅಲ್ಲಿರುವುದು ಅಮೃತಶಿಲೆಯಲ್ಲಿ ಕಡೆದ, ಬೆಟ್ಟ ನದಿಗಳ ಉಬ್ಬುತಗ್ಗುಗಳಿರುವ, 1947ಕ್ಕೆ ಮೊದಲಿನ ಅವಿಭಜಿತ ಭಾರತದ ಭೂಪಟ.