ಡಬಲ್ಸ್ ಆಟಗಾರ್ತಿ ತಯಾರಾಗುವುದು ನೆಟ್ ಬಳಿ

"ಮಗಳಿಗೆ ಸಿಂಗಲ್ಸ್‌ನಲ್ಲಿ ರ‍್ಯಾಂಕ್ ಬರ್ತಿಲ್ಲ ಸರ್, ಡಬಲ್ಸ್‌ಗೆ ಹಾಕೋಣೇನು?" ಬಳ್ಳಾರಿ, ರಾಯಚೂರು ಕಡೆಯ ಪಾಲಕರು ಟೆನಿಸ್ ಕೋಚ್‌ಗಳನ್ನು ಕೇಳುವ ಪ್ರಶ್ನೆ ಇದು. ಸಿಂಗಲ್ಸ್ ಒಲಿಯದವರಿಗೆ ಡಬಲ್ಸ್ ಎಂಬ ತಿಳಿವಳಿಕೆ ಅರ್ಧ ತಪ್ಪು. ಡಬಲ್ಸ್ ಬೇರೆಯದೇ ಕಸುಬು. ಆದರೆ ಆ ಕಸುಬಿನ ಒಳಗೆ ಕಾಲಿಡಲು ಬಹಳ ಸಲ ಸಿಂಗಲ್ಸ್ ರ‍್ಯಾಂಕೇ ಬೇಕಾಗುತ್ತದೆ. ಹದಿನೇಳು, ಹದಿನೆಂಟು ವಯಸ್ಸಿನವರೆಗೆ ಎರಡನ್ನೂ ಆಡಿಸಿ.

ಕಾರಣ ಪ್ರವೇಶದ ಲೆಕ್ಕದಲ್ಲಿದೆ. ವೃತ್ತಿಪರ ಟೂರ್ನಿಯಲ್ಲಿ ಇಬ್ಬರ ರ‍್ಯಾಂಕ್ ಕೂಡಿಸಿ ಜೋಡಿಯನ್ನು ಒಳಗೆ ಬಿಡುತ್ತಾರೆ. ಸಾಮಾನ್ಯವಾಗಿ ಸಿಂಗಲ್ಸ್, ಡಬಲ್ಸ್ ಎರಡರಲ್ಲಿ ಯಾವುದು ಉತ್ತಮವೋ ಅದನ್ನು ಲೆಕ್ಕಕ್ಕೆ ಹಿಡಿಯಬಹುದು. ಒಬ್ಬಳದು 640, ಇನ್ನೊಬ್ಬಳದು 710 ಆದರೆ ಜೋಡಿಯ ಮೊತ್ತ 1350; ಮೊತ್ತ ಕಡಿಮೆ ಇದ್ದಷ್ಟೂ ಪ್ರವೇಶ ಸುಲಭ. ಕೆಳ ಹಂತದ ಟೂರ್ನಿಯಲ್ಲೂ ಡಬಲ್ಸ್ ಡ್ರಾದಲ್ಲಿ, ಅಂದರೆ ಆಡುವವರ ಪಟ್ಟಿಯಲ್ಲಿ, 16 ಜೋಡಿಗಷ್ಟೇ ಜಾಗ. ಡಬಲ್ಸ್ ಅಂಕ ಇನ್ನೂ ಇಲ್ಲದ ಹುಡುಗಿಗೆ ಸಿಂಗಲ್ಸ್‌ನ ನಾಲ್ಕು ಅಂಕವೇ ಆಸರೆ. ಗಳಿಸಿದ ಅಂಕ 52 ವಾರಕ್ಕೆ ಉದುರಿಹೋಗುತ್ತದೆ ಎಂಬುದನ್ನೂ ಮರೆಯಬಾರದು.

ಹಣದ ಮಾತು ಮುಚ್ಚಿಡುವುದು ಬೇಡ. ಮಹಿಳಾ ಟೂರ್‌ನ ಮೊದಲ ಮೆಟ್ಟಿಲಾದ ಡಬ್ಲ್ಯು15 ಟೂರ್ನಿಯಲ್ಲಿ ಒಟ್ಟು ಬಹುಮಾನ 15,000 ಡಾಲರ್. ಅದರಲ್ಲಿ ದೊಡ್ಡ ಪಾಲು ಸಿಂಗಲ್ಸ್‌ಗೆ ಹೋಗುತ್ತದೆ, ಡಬಲ್ಸ್‌ನ ಪಾಲು ಇಬ್ಬರಲ್ಲಿ ಹಂಚಿಹೋಗುತ್ತದೆ. ಈ ಹಂತದಲ್ಲಿ ಡಬಲ್ಸ್ ಗೆದ್ದರೂ ಪ್ರಯಾಣದ ಖರ್ಚು ಹುಟ್ಟುವುದು ಕಷ್ಟ. ಅದಕ್ಕೇ ಒಂದೇ ಪ್ರಯಾಣದಲ್ಲಿ ಎರಡೂ ಆಡಬೇಕು.

ಆಮೇಲೆ ಈ ವೃತ್ತಿ ದೀರ್ಘವಾಗಿ ಬಾಳುತ್ತದೆ. ರಾಯಚೂರಿನಿಂದ ಕೆಲವೇ ಗಂಟೆಯ ದಾರಿಯ ಹೈದರಾಬಾದಿನ ಸಾನಿಯಾ ಮಿರ್ಜಾ 2007ರಲ್ಲಿ ಸಿಂಗಲ್ಸ್‌ನ 27ನೇ ಸ್ಥಾನ ಮುಟ್ಟಿದ್ದರು. ಮಣಿಕಟ್ಟಿನ ಗಾಯ ಕಾಡಿತು, 2013ರಲ್ಲಿ ಸಿಂಗಲ್ಸ್ ಬಿಟ್ಟರು, 2015ರ ಏಪ್ರಿಲ್‌ನಲ್ಲಿ ಡಬಲ್ಸ್‌ನಲ್ಲಿ ವಿಶ್ವಕ್ಕೆ ಒಂದನೆಯವರಾದರು. ತಾಯಿಯಾದ ಮೇಲೆ 2020ರ ಜನವರಿಯಲ್ಲಿ ಮರಳಿ ಬಂದು, ಹೋಬಾರ್ಟ್‌ನಲ್ಲಿ ಮೊದಲ ಟೂರ್ನಿಯಲ್ಲೇ ಪ್ರಶಸ್ತಿ ಗೆದ್ದರು. 2023ರ ವಿಂಬಲ್ಡನ್ ಡಬಲ್ಸ್ ಗೆದ್ದ ಶೇ ಸು-ವೀ, ಬಾರ್ಬೊರಾ ಸ್ಟ್ರಿಕೋವಾ ಇಬ್ಬರಿಗೂ ಆಗ 37 ವರ್ಷ. ಓಡಾಟ ಅರ್ಧ ಕೋರ್ಟಿಗೆ ಇಳಿದಾಗ ಮೊಣಕಾಲು ಉಳಿಯುತ್ತದೆ, ಕೈಚಳಕಕ್ಕೆ ಬೆಲೆ ಬರುತ್ತದೆ.

ಆ ಕೈಚಳಕವನ್ನು ನಮ್ಮ ಊರುಗಳಲ್ಲೇ ಕಲಿಸಬಹುದು. ನಮ್ಮಲ್ಲಿ ಬಹುಪಾಲು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಎರೆಮಣ್ಣನ್ನು ಆಳಕ್ಕೆ ತೆಗೆದು ಗರಸು ತುಂಬಿ ರೋಲರ್ ಹೊಡೆಯದೆ ಹಾಕಿದ ಹಾರ್ಡ್ ಕೋರ್ಟ್ ಬೇಗನೆ ಸೀಳು ಬಿಡುತ್ತದೆ. ಚೆಂಡು ಅಡ್ಡಾದಿಡ್ಡಿ ಪುಟಿಯುತ್ತದೆ, ಹಿಂದಿನ ಗೆರೆಯ ಬಳಿ ನಿಂತು ಆಡುವ ಬೇಸ್‌ಲೈನ್ ಆಟದ ಲಯ ಕೆಡುತ್ತದೆ. ಆದರೆ ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವ ವಾಲಿಗೆ ಪುಟಿತ ಬೇಕಿಲ್ಲ, ಸರ್ವ್ ಹೊಡೆಯುವವಳಿಗೂ ಬೇಕಿಲ್ಲ. ಅಂಥ ಕೋರ್ಟಿನಲ್ಲೂ ಡಬಲ್ಸ್‌ನ ಮುಖ್ಯ ಪಾಠ ಎರಡು ನಡೆಯುತ್ತವೆ, ಅದೂ ಮೂವರೇ ಹುಡುಗಿಯರಿದ್ದರೂ.

ಮೊದಲ ಪಾಠ ನೆಟ್ ಬಳಿ ನಿಲ್ಲುವವಳದು. ಡಬಲ್ಸ್ ಕೋರ್ಟಿನ ಅಗಲ 36 ಅಡಿ, ಎರಡೂ ಬದಿಗೆ ನಾಲ್ಕೂವರೆ ಅಡಿಯ ಪಟ್ಟಿ. ಹೊಸಬಳು ಈ ಪಟ್ಟಿಗೆ ಹೆದರಿ ಅದನ್ನೇ ಕಾಯುತ್ತ ನಿಲ್ಲುತ್ತಾಳೆ, ನಡುವೆ ಹೆಬ್ಬಾಗಿಲು ತೆರೆದಿಡುತ್ತಾಳೆ. ನೆಟ್ ನಡುವೆ 3 ಅಡಿ, ಕಂಬದ ಬಳಿ ಮೂರೂವರೆ. ಗೆರೆಗುಂಟ ಹೊಡೆಯುವವಳಿಗೆ ನೆಟ್ಟೂ ಎತ್ತರ, ದೂರವೂ ಕಡಿಮೆ. ಅದು ಕಷ್ಟದ ಹೊಡೆತ. ಅಲ್ಲಿ ಒಂದೆರಡು ಪಾಯಿಂಟ್ ಹೋದರೆ ಹುಡುಗಿಯನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಅವಳು ಕದಲುವುದಿಲ್ಲ.

ಅವಳು ನಿಲ್ಲಬೇಕಾದದ್ದು ಸರ್ವಿಸ್ ಬಾಕ್ಸಿನ (ಸರ್ವ್ ಬೀಳಬೇಕಾದ ಚೌಕದ) ಅಗಲದ ನಡುಮಧ್ಯದ ಸಾಲಿನಲ್ಲಿ, ನೆಟ್‌ನಿಂದ ಮೂರು ರ‍್ಯಾಕೆಟ್ ಉದ್ದದಷ್ಟು ಹಿಂದೆ. ರ‍್ಯಾಕೆಟ್ಟಿನ ತಲೆ ಮಣಿಕಟ್ಟಿಗಿಂತ ಮೇಲಿರಲಿ. ಎದುರಿನವಳು ರ‍್ಯಾಕೆಟ್ ಮುಂದಕ್ಕೆ ಬೀಸಲು ತೊಡಗಿದ ಕ್ಷಣ ಪುಟ್ಟ ನೆಗೆತ, ಚೆಂಡು ತಾಗುತ್ತಿದ್ದಂತೆ ನೆಟ್ಟಿನ ನಡುಪಟ್ಟಿಯತ್ತ ಓರೆಯಾಗಿ ಮುನ್ನುಗ್ಗಬೇಕು. ತಪ್ಪುಗಳು ಇಲ್ಲೇ ಹುಟ್ಟುವುದು. ಸರ್ವ್ ಬಿದ್ದ ಕೂಡಲೇ ಹೊರಟರೆ ಎದುರಿನವಳು ನೋಡಿ ಖಾಲಿ ಜಾಗಕ್ಕೆ ಹಾಕುತ್ತಾಳೆ. ನೆಟ್ಟಿಗೆ ಸಮಾನಾಂತರವಾಗಿ ಓಡಿದರೆ ಚೆಂಡು ಇಳಿದ ಮೇಲೆ ಸಿಗುತ್ತದೆ, ಕೆಳಗಿನಿಂದ ಎತ್ತಬೇಕಾಗುತ್ತದೆ. ಕೈ ಹಿಂದಕ್ಕೆ ಎಳೆದರೆ ತಡವಾಗಿ ಚೆಂಡು ನೆಟ್ಟಿಗೆ ಬೀಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಅರ್ಧ ದಾಟಿ ಅನುಮಾನಿಸಿ ನಿಲ್ಲುವುದು. ನಡುಗೆರೆ ದಾಟಿದ ಮೇಲೆ ತಿರುಗುವಂತಿಲ್ಲ, ಹಿಂದಿನ ಜೊತೆಗಾತಿ "ಬದಲು" ಎಂದು ಕೂಗಿ ಖಾಲಿಯಾದ ಕಡೆಗೆ ಓಡಬೇಕು. ಅಭ್ಯಾಸದಲ್ಲಿ 20 ರಿಟರ್ನ್‌ಗೆ (ಸರ್ವ್‌ಗೆ ಎದುರಿನವಳ ಮರುಹೊಡೆತಕ್ಕೆ) ಎಂಟು ಸಲವಾದರೂ ದಾಟಲಿ. ತಿಂಗಳೊಪ್ಪತ್ತು ಗೆದ್ದ ಪಾಯಿಂಟ್ ಎಣಿಸಬೇಡಿ, ದಾಟಿದ್ದನ್ನಷ್ಟೇ ಎಣಿಸಿ.

ಎರಡನೇ ಪಾಠ ಸರ್ವ್ ಹೊಡೆಯುವವಳದು. ಸರ್ವ್‌ಗೆ ಮೊದಲು ನೆಟ್ ಬಳಿಯವಳು ಬೆನ್ನ ಹಿಂದೆ ಕೈಸನ್ನೆ ತೋರಲಿ: ಮುಷ್ಟಿ ಎಂದರೆ ನಿಲ್ಲುತ್ತೇನೆ, ಬಿಚ್ಚಿದ ಅಂಗೈ ಎಂದರೆ ದಾಟುತ್ತೇನೆ. ದಾಟುವುದಾದರೆ ಸರ್ವ್ ನಡುಗೆರೆಗೇ ಬೀಳಬೇಕು. ಹೊರಬದಿಗೆ ಬಿದ್ದರೆ ಎದುರಿನವಳಿಗೆ ಕೋನ ಸಿಗುತ್ತದೆ.

ರಿಟರ್ನ್‌ಗೆ ಮಾತ್ರ ಒಳ್ಳೆಯ ಕೋರ್ಟ್ ಬೇಕು, ವೇಗದ ಸರ್ವ್ ಬೇಕು. ಹುಡುಗರಿಂದ ಸರ್ವ್ ಹೊಡೆಸಿ, ಬೇಕಾದರೆ ಎರಡು ಹೆಜ್ಜೆ ಒಳಗಿನಿಂದ. ಟೂರ್ ಡಬಲ್ಸ್‌ನಲ್ಲಿ 40-40 ಆದರೆ ಅಡ್ವಾಂಟೇಜ್ (ಎರಡು ಪಾಯಿಂಟ್ ಮುಂದಾಗುವವರೆಗೆ ಆಡುವುದು) ಇಲ್ಲ, ಒಂದೇ ಪಾಯಿಂಟಿಗೆ ಗೇಮ್ ಮುಗಿಯುತ್ತದೆ. ಯಾವ ಬದಿಯವಳು ಎದುರಿಸಬೇಕೆಂದು ರಿಟರ್ನ್ ಮಾಡುವ ಜೋಡಿಯೇ ಆರಿಸುತ್ತದೆ. ಯಾರೆಂಬುದನ್ನು ಪಂದ್ಯಕ್ಕೆ ಮೊದಲೇ ನಿರ್ಧರಿಸಿ, ಆ ಗಳಿಗೆಯಲ್ಲಿ ಮುಖ ಮುಖ ನೋಡುವಂತಾಗಬಾರದು. ಮೂರನೇ ಸೆಟ್ ಬದಲು 10 ಪಾಯಿಂಟಿನ ಟೈಬ್ರೇಕ್ ಇರುತ್ತದೆ. ಗ್ರ್ಯಾಂಡ್ ಸ್ಲ್ಯಾಮ್‌ನ ಮಹಿಳಾ ಡಬಲ್ಸ್‌ನಲ್ಲಿ ಮೂರನೇ ಸೆಟ್ ಉಂಟು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬೆಳಗ್ಗೆ ಎಂಟೂವರೆಗೆ ಅಭ್ಯಾಸ ಮುಗಿಯಲೇಬೇಕು. ಬಿಸಿಗೆ ಚೆಂಡು ಹೆಚ್ಚು ಪುಟಿದು ಉದ್ದ ಹೋಗುತ್ತದೆ, ಸ್ಟ್ರಿಂಗ್ ಒಂದೆರಡು ಪೌಂಡ್ ಬಿಗಿ ಮಾಡಿಸಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ರ‍್ಯಾಕೆಟ್ ಬಿಟ್ಟರೆ ಆ ಬಿಗಿ ಒಂದೇ ದಿನಕ್ಕೆ ಹೋಯಿತು.

ಇನ್ನು ಜೊತೆಗಾತಿ. ಸಿಂಗಲ್ಸ್‌ನಲ್ಲಿ ನಿಮ್ಮ ಹುಡುಗಿಗಿಂತ ತುಂಬಾ ಮುಂದಿರುವವಳು ಸಿಕ್ಕರೆ ಪ್ರವೇಶ ಸುಲಭ, ಆದರೆ ಅವಳು ಸೆಮಿಫೈನಲ್ ತಲುಪಿ ದಣಿದರೆ ಮೊದಲು ಬಿಡುವುದು ಡಬಲ್ಸನ್ನೇ. ಹತ್ತಿರದ ರ‍್ಯಾಂಕಿನವಳು, ಮೂರು ನಾಲ್ಕು ಟೂರ್ನಿಗೆ ಒಟ್ಟಿಗೆ ಬರುವವಳು ಲೇಸು. ಬಳ್ಳಾರಿಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಇಳಿದ ಮೇಲೆ ಜೊತೆಗಾತಿ ಬರುವುದಿಲ್ಲ ಎಂದು ಗೊತ್ತಾದರೆ ಕೈಯಲ್ಲಿ ಉಳಿಯುವುದು ಕೆಲವೇ ಗಂಟೆ. ಡಬಲ್ಸ್ ಸೈನ್‌ಇನ್ (ಜೋಡಿಯ ಹೆಸರು ಬರೆಸುವುದು) ಮುಚ್ಚುವ ಸಮಯ ಬರೆದಿಟ್ಟುಕೊಳ್ಳಿ, ಅದೇ ಟೂರ್ನಿಗೆ ಬರುವ ಇನ್ನಿಬ್ಬರು ಹುಡುಗಿಯರ ಜೊತೆ ಹಿಂದಿನ ವಾರವೇ ಮಾತಾಡಿಟ್ಟುಕೊಂಡಿರಿ.